ಕರೆಂಟ್ ಹೋದ ಹನ್ನೆರಡು ನಿಮಿಷ

ಕಳೆದ ಮಂಗಳವಾರ ಸಂಜೆ ಆರೂಕಾಲಕ್ಕೆ ನಮ್ಮ ಬೀದಿಯಲ್ಲಿ ಕರೆಂಟ್ ಹೋಯಿತು. ಪಡಸಾಲೆಯಲ್ಲಿ ಏಳು ಮಕ್ಕಳು ಚಾಪೆಯ ಮೇಲೆ ಕುಳಿತು ಕರ್ನಾಟಕ ಸಂಗೀತದ ಆರಂಭದ ಪಾಠವಾದ ಜಂಟಿ ವರಸೆ ಹಾಡುತ್ತಿದ್ದರು. ನನ್ನ ಎಲೆಕ್ಟ್ರಾನಿಕ್ ತಂಬೂರಿ ಹಳೆಯದು, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಮಾತ್ರ ಬಾಯಿ ಬಿಡುತ್ತದೆ. ಅದು ನಿಂತಿತು. ಮಕ್ಕಳು ನಿಲ್ಲಲಿಲ್ಲ. ಮೊಬೈಲಿನಲ್ಲಿ ತಂಬೂರಿ ಆ್ಯಪ್ ಇದೆ, ತೆಗೆಯಬಹುದಿತ್ತು. ಯಾವುದೋ ತುಂಟತನ ನನ್ನನ್ನು ತಡೆಯಿತು. ತೊಡೆಯ ಮೇಲೆ ತಾಳ ಹಾಕುತ್ತಾ ಕತ್ತಲಲ್ಲೇ ಅವರ ಜೊತೆ ಹಾಡಿದೆ.

ಹನ್ನೆರಡು ನಿಮಿಷ ಬಹಳ ಚೆನ್ನಾಗಿ ನಡೆಯಿತು. ಏಳು ಕಂಠಗಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ಇವತ್ತು ಇವರಿಗೆ ಏನಾಗಿದೆ, ಇಷ್ಟು ಹೊಂದಿಕೊಂಡು ಹಾಡುತ್ತಿದ್ದಾರಲ್ಲ ಎಂದು ಖುಷಿಪಡುತ್ತಿರುವಾಗಲೇ ಕರೆಂಟ್ ಬಂತು. ತಂಬೂರಿ ತನ್ನ ಐದೂವರೆ ಮನೆಯ ಶ್ರುತಿಯಲ್ಲಿ ಮತ್ತೆ ಶುರುವಾಯಿತು. ಅದರ ಆಸರೆಯಿಲ್ಲದೆ ನಾವು ಅರ್ಧ ಮನೆ ಕೆಳಗೆ, ಐದಕ್ಕೆ ಇಳಿದಿದ್ದೆವು! ಪಡಸಾಲೆಯಲ್ಲಿ ಕಿವಿ ಮುಚ್ಚಿಕೊಳ್ಳಬೇಕಾದಂಥ ಕರ್ಕಶ ಎದ್ದಿತು. ಎಲ್ಲರಿಗಿಂತ ಚಿಕ್ಕವಳು, ಎರಡನೇ ತರಗತಿಯ ಹುಡುಗಿ, ಗಂಭೀರವಾಗಿ ಹೇಳಿದಳು: "ಮಿಸ್, ತಂಬೂರಿ ಕೆಟ್ಟುಹೋಗಿದೆ."

ನಕ್ಕುಬಿಟ್ಟೆ. ಆದರೆ ರಾತ್ರಿ ಪಾತ್ರೆ ತೊಳೆಯುವಾಗ ಆ ಮಾತು ಬೇರೆ ರೀತಿಯಲ್ಲಿ ಚುಚ್ಚಿತು. ಅವರ ಜೊತೆ ನಾನೂ ಇಳಿದಿದ್ದೆನಲ್ಲ. ಇಪ್ಪತ್ತೆರಡು ವರ್ಷಗಳಿಂದ ಮೈಸೂರಿನ ಈ ಪಡಸಾಲೆಯಲ್ಲಿ ಪಾಠ ಹೇಳುತ್ತಿರುವ ನನಗೂ ಇಳಿದದ್ದು ತಿಳಿಯಲಿಲ್ಲ. ಎಲ್ಲರೂ ಒಟ್ಟಿಗೆ ಇಳಿಯುತ್ತಿರುವಾಗ ಯಾರು ಯಾರಿಗೆ ಹೇಳಬೇಕು?

ಆರಂಭದ ಪಾಠಕ್ಕೆ ಮಾಯಾಮಾಳವಗೌಳವನ್ನು ಗೊತ್ತುಮಾಡಿದವರು ಪುರಂದರದಾಸರು ಎಂದು ನಮ್ಮ ಪರಂಪರೆ ನಂಬುತ್ತದೆ. ಅವರಿಗೆ ಮಕ್ಕಳ ಗಂಟಲು ಚೆನ್ನಾಗಿ ಗೊತ್ತಿದ್ದಿರಬೇಕು. ಈ ರಾಗದಲ್ಲಿ ರಿ, ಅಂದರೆ ರಿಷಭ, ಸ ಎಂಬ ಷಡ್ಜಕ್ಕೆ ಒರಗಿಕೊಂಡೇ ಇದೆ, ಗಾಂಧಾರ ಮಾತ್ರ ಒಂದು ದೊಡ್ಡ ನೆಗೆತದಷ್ಟು ದೂರ. ಮೇಲೆ ಪಂಚಮದಿಂದ ಮತ್ತೆ ಅದೇ ನಕ್ಷೆ: ಧೈವತ ಪಂಚಮಕ್ಕೆ ಒರಗಿದೆ, ನಿಷಾದ ದೂರ. ಕೆಳಗಿನ ಅರ್ಧವನ್ನು ಗಂಟಲಿಗೆ ಹತ್ತಿಸಿಕೊಂಡರೆ ಮೇಲಿನ ಅರ್ಧ ತಾನಾಗಿ ಬರುತ್ತದೆ. ತೊಂದರೆ ಇರುವುದು ಆ ರಿಷಭದಲ್ಲೇ. ಇಂದಿನ ಮಕ್ಕಳ ಕಿವಿಗೆ ಕೀಬೋರ್ಡಿನ ಬಿಳಿ ಮನೆಗಳ ಸರಿಗಮ ಅಭ್ಯಾಸವಾಗಿದೆ. ಹಾಗಾಗಿ ಷಡ್ಜ ಬಿಟ್ಟ ಕೂಡಲೇ ರಿಷಭ ಒಲೆಯ ಮೇಲಿನ ಹಾಲಿನಂತೆ ಮೇಲೇರುತ್ತದೆ.

ನನ್ನ ಗುರುಗಳು ಮೊಟ್ಟಮೊದಲ ಪಾಠವಾದ ಸರಳೆ ವರಸೆಯಲ್ಲೇ ನನ್ನನ್ನು ಒಂದೂವರೆ ವರ್ಷ ಕೂರಿಸಿದರು. ತಪ್ಪು ಎಂದು ಅವರು ಬಾಯಿಬಿಟ್ಟು ಹೇಳಿದ ನೆನಪಿಲ್ಲ. ತಂಬೂರಿಯನ್ನು ಸ್ವಲ್ಪ ನನ್ನ ಕಡೆಗೆ ಸರಿಸುತ್ತಿದ್ದರು, ಅಷ್ಟೇ. ಹತ್ತು ವರ್ಷದವಳಿಗೆ ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ಒಂದು ಬೈಗುಳವಾದರೂ ಸಿಕ್ಕಿದ್ದರೆ ಅತ್ತು ಹಗುರಾಗಬಹುದಿತ್ತು. ತಂಬೂರಿ ಹತ್ತಿರ ಬಂದಷ್ಟೂ ನನ್ನ ದನಿ ನನಗೇ ಕೇಳಿಸಲು ಶುರುವಾಗುತ್ತಿತ್ತು, ಓಡಿಹೋಗಲು ಜಾಗ ಇರುತ್ತಿರಲಿಲ್ಲ.

ಈಗ ನನ್ನ ಬಳಿ ಬರುವ ಐದನೇ ತರಗತಿಯ ಒಬ್ಬ ಹುಡುಗ ಲೆಕ್ಕದಲ್ಲಿ ಭಾರಿ ಚುರುಕು. ಅಕ್ಷರಗಳಿಂದ ಅಂಕೆ ತೆಗೆಯುವ ಕಟಪಯಾದಿ ಸೂತ್ರ ಹೇಳಿಕೊಟ್ಟ ವಾರವೇ ಮೇಳಕರ್ತ ಎಂಬ ಮೂಲ ರಾಗಗಳ ಸಂಖ್ಯೆಯನ್ನು ಪಟಪಟನೆ ಹೇಳತೊಡಗಿದ. ಮಾ ಎಂದರೆ ಐದು, ಯಾ ಎಂದರೆ ಒಂದು, ತಿರುಗಿಸಿದರೆ 15, ಆದ್ದರಿಂದ ಮಾಯಾಮಾಳವಗೌಳ 15ನೆಯ ಮೇಳ. ಈ ಲೆಕ್ಕಕ್ಕೆ ಹೊಂದಲೆಂದೇ ಮಾಳವಗೌಳದ ಹಿಂದೆ 'ಮಾಯಾ' ಸೇರಿಸಿದರು ಎಂದಾಗ ಅವನಿಗೆ ಸಂಗೀತದ ಮೇಲೆ ಮೊದಲ ಬಾರಿ ಗೌರವ ಹುಟ್ಟಿತು. ರಿಷಭ ಮಾತ್ರ ಎಂಟು ತಿಂಗಳಿಂದ ಏರುತ್ತಲೇ ಇತ್ತು. ರಾಗದ ಸಂಖ್ಯೆ ಗೊತ್ತು, ರಾಗ ಗೊತ್ತಿಲ್ಲ. ಪರೀಕ್ಷೆಗೆ ಮೊದಲನೆಯದು ಸಾಕಾಗುತ್ತದೆಂಬುದು ನನ್ನ ಹಳೆಯ ದುಃಖ, ಅದನ್ನು ಇಲ್ಲಿ ಬಿಚ್ಚಿದರೆ ಮುಗಿಯುವುದಿಲ್ಲ.

ಅವನ ತಾಯಿ ಒಮ್ಮೆ ನನಗೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಕಳಿಸಿದರು. ಸಂಗೀತ ಕಲಿತ ಮಕ್ಕಳ ಬುದ್ಧಿಶಕ್ತಿ ಹೆಚ್ಚುತ್ತದೆ, ಮೊಜಾರ್ಟ್ ಕೇಳಿಸಿದರೇ ಸಾಕು, ಇತ್ಯಾದಿ. ಕುತೂಹಲಕ್ಕೆ ಅದರ ಮೂಲ ಹುಡುಕಿದೆ. 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಬರಹ ಅದು. 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟನ ಪಿಯಾನೊ ಸೊನಾಟಾ ಕೇಳಿಸಿ, ಆಕಾರಗಳನ್ನು ಮನಸ್ಸಿನಲ್ಲೇ ಮಡಚಿ ಬಿಚ್ಚುವಂಥ ಲೆಕ್ಕ ಕೊಟ್ಟಿದ್ದರು. ತುಸು ಚೆನ್ನಾಗಿ ಮಾಡಿದರು. ಆ ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ. ಅಲ್ಲಿ ಮಕ್ಕಳೂ ಇರಲಿಲ್ಲ, ಸಂಗೀತ ಪಾಠವೂ ಇರಲಿಲ್ಲ. ಅಷ್ಟರಿಂದಲೇ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟುವ ಪ್ರತಿ ಕೂಸಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆ ಕೊಡಿಸಲು ಹೊರಟರು.

ಆ ತಾಯಿಗೆ ಉತ್ತರ ಬರೆದೆ: ಗಣಿತದ ಅಂಕ ಹೆಚ್ಚಬೇಕಿದ್ದರೆ ಗಣಿತದ ಮನೆಪಾಠಕ್ಕೇ ಕಳಿಸಿ, ಕೈಯನ್ನು ತಲೆಯ ಸುತ್ತ ಬಳಸಿ ಮೂಗು ಮುಟ್ಟುವುದೇಕೆ? ಬರೆದು ಅಳಿಸಿದೆ. ಕೈ ಮುಗಿಯುವ ಚಿತ್ರ ಕಳಿಸಿದೆ.

ಅಳಿಸಲು ಒಂದು ಕಾರಣವಿತ್ತು. 'ಸಂಗೀತಕ್ಕೆ ಉಪಯೋಗ ಕೇಳಬೇಡಿ' ಎಂದು ಮೂಗೆಳೆಯುವುದು ನನಗೆ ಸುಲಭ. ಮನೆ ನಡೆಯುವುದು ಯಜಮಾನರ ಸಂಬಳದಲ್ಲಿ, ನನ್ನ ಫೀಸಿನ ಹಣ ಹೆಚ್ಚೆಂದರೆ ಹಾಲು, ತರಕಾರಿಗೆ. ಕೆಲವು ವರ್ಷಗಳ ಹಿಂದೆ ಒಂದು ಮದುವೆಗೆ ಹೋದವಳು ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೂ ಹೋಗಿಬಂದೆ. ಸ್ವತಃ ದೃಷ್ಟಿಯಿಲ್ಲದ ಪಂಚಾಕ್ಷರ ಗವಾಯಿಗಳು ಕಟ್ಟಿದ್ದು, ಅವರ ನಂತರ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೂ ನಡೆಸಿಕೊಂಡು ಬಂದದ್ದು. ಅವರಿಗೂ ಕಣ್ಣಿರಲಿಲ್ಲ. ಅಲ್ಲಿ ಕಣ್ಣಿಲ್ಲದ ಮಕ್ಕಳಿಗೆ, ಬಡವರ ಮಕ್ಕಳಿಗೆ ಊಟ, ವಸತಿ ಕೊಟ್ಟು ಸಂಗೀತ ಕಲಿಸುತ್ತಾರೆ. ಬಸವರಾಜ ರಾಜಗುರು ಅವರಂಥವರು ಪಂಚಾಕ್ಷರ ಗವಾಯಿಗಳ ಬಳಿ ಕಲಿತವರು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಹೆಸರಾಂತರಲ್ಲ, ಗೋಡೆಗೆ ಆತು ಕುಳಿತು ಹಾರ್ಮೋನಿಯಂ ಬಾರಿಸುತ್ತಿದ್ದ ಒಬ್ಬ ಹುಡುಗ. ನಾಳೆ ಊರೂರಿನ ಭಜನೆಗೆ, ಪುರಾಣಕ್ಕೆ, ಶಾಲೆಗೆ ಹೋಗಿ ಅವನು ಅನ್ನ ಸಂಪಾದಿಸಬೇಕು. ಅವನೆದುರು ನನ್ನ ದೊಡ್ಡ ಮಾತು ಹೇಗೆ ಆಡಲಿ?

ಆದರೂ ಅಲ್ಲಿ ಕಂಡ ಒಂದು ಸಂಗತಿ ನನ್ನ ಪಡಸಾಲೆಗೂ ಸೇರಿದ್ದು. ಆ ಹುಡುಗ ಒಂದು ಸ್ವರಗುಂಪನ್ನು ನುಡಿಸಿ, ತಲೆ ಓರೆ ಮಾಡಿ, ಯಾರೂ ಏನೂ ಹೇಳದಿದ್ದರೂ ಮತ್ತೆ ನುಡಿಸಿದ. ಮತ್ತೆ. ಐದನೆಯ ಸಲಕ್ಕೆ ಸಣ್ಣಗೆ ನಕ್ಕು ಮುಂದಕ್ಕೆ ಹೋದ. ಶಾಲೆಯಲ್ಲಿ ತಪ್ಪಿಗೆ ಕೆಂಪು ಶಾಯಿ ಬೀಳುವುದು ನಾಲ್ಕು ದಿನಗಳ ನಂತರ, ಅದೂ ಬೇರೆಯವರ ಕೈಯಿಂದ. ಇಲ್ಲಿ ತಪ್ಪೂ ತಿದ್ದುಪಡಿಯೂ ಒಂದೇ ಉಸಿರಿನ ಒಳಗೆ, ಅವನದೇ ಕಿವಿಯಲ್ಲಿ ಮುಗಿದುಹೋಯಿತು. ನನ್ನ ಹತ್ತಿರ ಬರುವ ಹೆಚ್ಚಿನ ಮಕ್ಕಳು ವೇದಿಕೆ ಹತ್ತುವುದಿಲ್ಲ. ಒಂಬತ್ತನೇ ತರಗತಿಗೆ ಬರುತ್ತಲೇ 'ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಮಿಸ್' ಎಂದು ನಿಂತುಬಿಡುತ್ತಾರೆ. ಬೇಸರವಾಗುತ್ತದೆ, ತಡೆಯುವುದಿಲ್ಲ. ಆ ಕಿವಿಯನ್ನಷ್ಟು ಅವರಿಗೆ ಕೊಟ್ಟು ಕಳಿಸಬೇಕೆಂಬುದು ನನ್ನ ಆಸೆ. ಮುಂದೆ ಎಂಟನೇ ಕ್ರಾಸಿನ ಗಣಪತಿ ಪೆಂಡಾಲಿನಲ್ಲಿ ಕಛೇರಿ ಕೇಳುತ್ತಾ ಕುಳಿತಾಗ ಹಾಡಿನ ಯಾವುದೋ ತಿರುವಿಗೆ ಮೈ ಜುಮ್ಮೆಂದರೆ ಅದು ಬಡ್ಡಿ.

ಕರೆಂಟ್ ಹೋದ ದಿನದ ನಂತರ ಪಾಠದಲ್ಲಿ ಒಂದು ಆಟ ಸೇರಿಸಿದ್ದೇನೆ. ನಡುವೆ ತಂಬೂರಿ ನಿಲ್ಲಿಸುತ್ತೇನೆ, ತಾಳದ ಎರಡು ಆವರ್ತದ ನಂತರ ಮತ್ತೆ ಹಾಕುತ್ತೇನೆ. ಮಕ್ಕಳಿಗೆ ಇದು ಕಣ್ಣಾಮುಚ್ಚಾಲೆ ಇದ್ದಂತೆ. ಇಳಿದವರು ನಾಲಿಗೆ ಕಚ್ಚಿಕೊಳ್ಳುತ್ತಾರೆ, ಎರಡನೇ ತರಗತಿಯವಳು ಈಗಲೂ ತಂಬೂರಿಯ ಮೇಲೆಯೇ ಅನುಮಾನಪಡುತ್ತಾಳೆ.

ನಿನ್ನೆ ಆ ಲೆಕ್ಕದ ಹುಡುಗ ಒಬ್ಬನೇ ಬಂದಿದ್ದ. ಮೂರನೇ ಕಾಲದ ವೇಗದಲ್ಲಿ ಸರಳೆ ಹಾಡುತ್ತಿದ್ದವನು ಅರ್ಧಕ್ಕೆ ನಿಲ್ಲಿಸಿದ. ನೀರು ಬೇಕೇನೋ ಎಂದು ಲೋಟದ ಕಡೆ ಕೈ ತೋರಿಸಿದೆ.

"ನೀರಲ್ಲ ಮಿಸ್. ರಿ ಮೇಲೆ ಹೋಯಿತು," ಎಂದ. ಷಡ್ಜ ಹಿಡಿದು ಮೊದಲಿನಿಂದ ಶುರು ಮಾಡಿದ.

ನನಗೆ ಕೇಳಿಸಿರಲಿಲ್ಲ. ಅಡುಗೆಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಣಿಸುತ್ತಿದ್ದೆ.