ಮೌಸ್ ಹಿಡಿದು ಕೇಳುವ ಆಟಗಳು

ಕಂಪ್ಯೂಟರ್ ಕಲಿತ ಕಣ್ಣು ಕಾಣದವರು ಯಾರನ್ನಾದರೂ ಕೇಳಿ. ಮೊದಲ ದಿನಗಳಲ್ಲೇ ಅವರಿಗೆ ಒಂದು ಮಾತು ಹೇಳಿರುತ್ತಾರೆ: "ಮೌಸ್ ನಿಮಗಲ್ಲ, ನಿಮಗೆ ಕೀಬೋರ್ಡ್ ಸಾಕು." ನಾನು ಕಲಿತ ಕಡೆ ಮೌಸ್‌ಗಳನ್ನೆಲ್ಲ ಮೇಜಿನಿಂದ ತೆಗೆದು ಒಂದು ಡಬ್ಬಕ್ಕೆ ತುಂಬಿಟ್ಟಿದ್ದರು. ಕೆಲಸದ ಮಟ್ಟಿಗೆ ಆ ಮಾತು ಸರಿಯೇ. ನಾನು ಧಾರವಾಡದ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಪರದೆಯಲ್ಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶ ದಿನವಿಡೀ ಕಿವಿಯಲ್ಲಿ ಮಾತಾಡುತ್ತಿರುತ್ತದೆ, ಮೌಸ್ ಮುಟ್ಟದೆಯೇ ಎಲ್ಲ ಕೆಲಸ ಮುಗಿಯುತ್ತದೆ. ರಾತ್ರಿ ಊಟ ಆದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಆಟಕ್ಕೆ ಕೂತಾಗ ಮಾತ್ರ ನನ್ನ ಬಲಗೈ ಮೌಸ್ ಬಿಟ್ಟು ಕದಲುವುದಿಲ್ಲ.

ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಕಣ್ಣು ಕಾಣುವವರು ನಂಬದಿದ್ದರೆ ಪರವಾಗಿಲ್ಲ, ನಮ್ಮವರೇ ನಂಬುವುದಿಲ್ಲ. ಅದಕ್ಕೇ ಈ ಬರಹ.

ನಮಗೆ ತೊಂದರೆ ಕೊಡುವುದು ಮೌಸ್ ಅಲ್ಲ, ಪರದೆಯ ಮೇಲೆ ಓಡಾಡುವ ಆ ಬಾಣದ ಗುರುತು. ಅದು ಈಗ ಎಲ್ಲಿದೆ ಅಂತ ನೋಡಿಯೇ ತಿಳಿಯಬೇಕು. 1960ರ ದಶಕದಲ್ಲಿ ಅಮೆರಿಕದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ ಮೌಸ್ ಮಾಡಿದ್ದೂ ಪರದೆಗಾಗಿಯೇ. ಪರದೆ ಮೇಲಿನ ಜಾಗ ತೋರಿಸುವ ಸಾಧನ ಅಂತಲೇ ಅದಕ್ಕೆ 1970ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಮೌಸ್‌ಗೆ ಪರದೆಯ ಬಗ್ಗೆ ಏನೂ ಗೊತ್ತಿರುವುದಿಲ್ಲ. ಅದು ಕಂಪ್ಯೂಟರ್‌ಗೆ ಕಳಿಸುವುದು ಒಂದೇ ಸುದ್ದಿ: ಈಗ ಇಷ್ಟು ಬಲಕ್ಕೆ ಸರಿದೆ, ಇಷ್ಟು ಮುಂದೆ ಹೋದೆ. ಆ ಸುದ್ದಿ ತೆಗೆದುಕೊಂಡು ಬಾಣವನ್ನು ಓಡಿಸುವುದು ವಿಂಡೋಸ್ ಕೆಲಸ. ಆಟ ಮಾಡುವವರು ಬಾಣವನ್ನು ಬಚ್ಚಿಟ್ಟು, ಆ ಸುದ್ದಿಯನ್ನು ನೇರವಾಗಿ ಆಟಕ್ಕೆ ಕೊಟ್ಟರೆ ಆಯಿತು. ಮೌಸ್ ಬಲಕ್ಕೆ ಸರಿಸಿದರೆ ಆಟದೊಳಗಿನ ನಾನು ಬಲಕ್ಕೆ ತಿರುಗುತ್ತೇನೆ. ಅಂಚು ಅನ್ನುವುದೇ ಇಲ್ಲ, ಎಷ್ಟು ಸುತ್ತು ಬೇಕಾದರೂ ಸುತ್ತಬಹುದು. ನೋಡುವಂಥದ್ದು ಏನೂ ಉಳಿಯುವುದಿಲ್ಲ.

ನನಗೆ ಇದು ಅರ್ಥವಾಗಿದ್ದು 'ಸ್ವಾಂಪ್' ಆಡಿದಾಗ. ಆಡಿಯೋ ಗೇಮ್, ಅಂದರೆ ಸದ್ದು ಕೇಳಿಯೇ ಆಡುವ ಆಟಗಳನ್ನು ಆಡುವವರ ನಡುವೆ ಏಪ್ರೋನ್ ಅಂತಲೇ ಪರಿಚಿತರಾದ ಅಮೆರಿಕದ ಡೆವಲಪರ್ ಮಾಡಿದ ಆಟ ಅದು. ಊರೆಲ್ಲ ಜಾಂಬಿಗಳು, ಅಂದರೆ ಎದ್ದು ಓಡಾಡುವ ಹೆಣಗಳು. ನೀವು ಬಂದೂಕು ಹಿಡಿದು ನಡೆಯಬೇಕು, ಬೇರೆ ಆಟಗಾರರೂ ಇಂಟರ್ನೆಟ್ ಮೂಲಕ ಜೊತೆಗೆ ಬರಬಹುದು. ನಡೆಯುವುದು ಎಡಗೈ ಕೀಲಿಗಳಿಂದ, ತಿರುಗುವುದು ಮತ್ತು ಗುಂಡು ಹಾರಿಸುವುದು ಮೌಸ್‌ನಿಂದ. ಎಡಗಿವಿಯಲ್ಲಿ ಜಾಂಬಿಯ ನರಳಾಟ ಕೇಳುತ್ತದೆ. ಮೌಸ್ ಎಡಕ್ಕೆ ಸರಿಸುತ್ತೀರಿ. ದನಿ ಎಡಗಿವಿಯಿಂದ ಜಾರುತ್ತಾ ಹಣೆಯ ಮಧ್ಯಕ್ಕೆ ಬರುತ್ತದೆ. ಸ್ವಲ್ಪ ಜಾಸ್ತಿ ಸರಿದರೆ ಬಲಕ್ಕೆ ಹೊರಟುಬಿಡುತ್ತದೆ, ಆಗ ಕೂದಲೆಳೆಯಷ್ಟು ವಾಪಸ್. ಹಳೇ ರೇಡಿಯೋದ ಗುಂಡಿ ತಿರುಗಿಸಿ ಧಾರವಾಡ ಆಕಾಶವಾಣಿ ಹಿಡಿಯುತ್ತಿದ್ದೆವಲ್ಲ, ಹಾಗೆ. ಸರಿಯಾಗಿ ನಡುವೆ ಬಂದ ಕ್ಷಣ ಕ್ಲಿಕ್.

ಆ ನಡುವಿಗೆ ತರುವ ಕೆಲಸದಲ್ಲೇ ಆಟದ ರುಚಿಯೆಲ್ಲ ಇದೆ. ಅದಕ್ಕೆ ಕಾರಣ ನಮ್ಮ ಕಿವಿಗಳೇ.

ಪಕ್ಕದಿಂದ ಬರುವ ಸದ್ದು ಒಂದು ಕಿವಿಗೆ ಮೊದಲು ಮುಟ್ಟುತ್ತದೆ, ಇನ್ನೊಂದಕ್ಕೆ ಆಮೇಲೆ. ಈ ಅಂತರ ಅತಿ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ, ಸುಮಾರು 0.6 ಮಿಲಿಸೆಕೆಂಡು. ಜೊತೆಗೆ ತಲೆ ಅಡ್ಡ ಬರುವುದರಿಂದ ಆಚೆ ಕಿವಿಗೆ ಸದ್ದು ಸಣ್ಣದಾಗಿ ಕೇಳುತ್ತದೆ. ಇವೆರಡರಿಂದ ಮಿದುಳು ದಿಕ್ಕು ಹಿಡಿಯುತ್ತದೆ. ಆದರೆ ಎಲ್ಲ ದಿಕ್ಕಿನಲ್ಲೂ ಒಂದೇ ಚುರುಕಲ್ಲ. ನೇರ ಮುಂದಿರುವ ಸದ್ದು ಸುಮಾರು ಒಂದು ಡಿಗ್ರಿ ಸರಿದರೂ ಕಿವಿಗೆ ಗೊತ್ತಾಗುತ್ತದೆ. ಪಕ್ಕಕ್ಕೆ ಹೋದಂತೆ ಆ ಚುರುಕು ಬಹಳ ಕಡಿಮೆಯಾಗುತ್ತದೆ. ಅಂದರೆ ಗುರಿ ಹಿಡಿಯುವ ಜಾಗದಲ್ಲೇ ಕಿವಿ ಅತ್ಯಂತ ಚೂಪು. ಅಷ್ಟು ಚೂಪಾದ ಕಿವಿಗೆ ಅಷ್ಟೇ ಸೂಕ್ಷ್ಮವಾಗಿ ಕದಲುವ ಕೈ ಬೇಕು. ಕೀಬೋರ್ಡಿನ ಕೀಲಿಗೆ ಒತ್ತಿದೆ, ಬಿಟ್ಟೆ ಅನ್ನುವುದು ಮಾತ್ರ ಗೊತ್ತು. ಮೆಲ್ಲಗೆ, ಜೋರಾಗಿ, ಒಂಚೂರು, ಇನ್ನೊಂಚೂರು ಅನ್ನುವುದೆಲ್ಲ ಮೌಸ್‌ಗೆ ಮಾತ್ರ ಸಾಧ್ಯ.

ಇನ್ನೊಂದು ಕಷ್ಟ ಇದೆ. ಸದ್ದು ನೇರ ಮುಂದಿದ್ದರೂ ನೇರ ಹಿಂದಿದ್ದರೂ ಎರಡು ಕಿವಿಗೂ ಒಂದೇ ಹೊತ್ತಿಗೆ ಮುಟ್ಟುತ್ತದೆ. ಹೆಡ್‌ಫೋನ್‌ನಲ್ಲಿ ಇದು ತುಂಬಾ ಗೊಂದಲ. ಹೊರಕಿವಿಯ ಮಡಿಕೆಗಳಲ್ಲಿ ಸದ್ದು ಹೇಗೆ ಬದಲಾಗುತ್ತದೆ ಅಂತ ಅಳೆದು, ಅದನ್ನೇ ಆಟದ ಸದ್ದಿಗೂ ಹಚ್ಚುವ ಎಚ್‌ಆರ್‌ಟಿಎಫ್ ಎನ್ನುವ ತಂತ್ರ ಇದೆ. ಕೆಲವು ಆಟಗಳು ಹಿಂದಿನ ಸದ್ದನ್ನು ಸುಮ್ನೆ ಸ್ವಲ್ಪ ಮಂಕಾಗಿಸುತ್ತವೆ. ಎಷ್ಟೇ ಮಾಡಿದರೂ ಅನುಮಾನ ಪೂರ್ತಿ ಹೋಗುವುದಿಲ್ಲ. ರಸ್ತೆಯಲ್ಲಿ ಇಂಥ ಅನುಮಾನ ಬಂದರೆ ನಾವು ಏನು ಮಾಡುತ್ತೇವೆ? ತಲೆಯನ್ನು ಸ್ವಲ್ಪ ತಿರುಗಿಸುತ್ತೇವೆ. ಬಲಕ್ಕೆ ತಿರುಗಿಸಿದಾಗ ಸದ್ದು ಎಡಕ್ಕೆ ಸರಿದರೆ ಮುಂದಿದೆ, ಬಲಕ್ಕೆ ಸರಿದರೆ ಹಿಂದಿದೆ. ಮೌಸ್ ಆಟದಲ್ಲಿ ಆ ಕೆಲಸವನ್ನು ಮಣಿಕಟ್ಟು ಮಾಡುತ್ತದೆ. ಕೆಲವು ದಿನ ಆಡಿದ ಮೇಲೆ ಕೈ ತಾನಾಗಿಯೇ ಅತ್ತಿತ್ತ ಸಣ್ಣಗೆ ಅಲುಗಾಡುತ್ತಾ ಹುಡುಕುತ್ತಿರುತ್ತದೆ. ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆಡಿಯೋ ಗೇಮ್‌ಗಳ ಚರಿತ್ರೆಯಲ್ಲಿ ಹೆಚ್ಚಿನವು ಮೌಸ್ ಮುಟ್ಟದವೇ. ಜಪಾನಿನಲ್ಲಿ 1997ರಲ್ಲಿ ಕೆಂಜಿ ಎನೊ ಅವರು ಟಿವಿಗೆ ಜೋಡಿಸಿ ಆಡುವ ಸೆಗಾ ಸ್ಯಾಟರ್ನ್ ಯಂತ್ರಕ್ಕಾಗಿ ಚಿತ್ರವೇ ಇಲ್ಲದ 'ರಿಯಲ್ ಸೌಂಡ್' ಮಾಡಿದರು, ಅದು ಕತೆ ಕೇಳುತ್ತಾ ದಾರಿ ಆರಿಸುವ ಆಟ. 2001ರ 'ಶೇಡ್ಸ್ ಆಫ್ ಡೂಮ್' ನನಗೆ ಈಗಲೂ ಇಷ್ಟ, ಅದು ಕೀಬೋರ್ಡಿನ ಆಟ. ಮೊಬೈಲ್‌ನಲ್ಲಿ 2012ರ 'ಬ್ಲೈಂಡ್‌ಸೈಡ್' ಬೇರೆ ದಾರಿ ಹಿಡಿಯಿತು. ಫೋನ್ ಹಿಡಿದು ನೀವೇ ನಿಂತಲ್ಲಿ ತಿರುಗಬೇಕು. ತುಂಬಾ ಸಹಜ, ಚಂದ. ಆದರೆ ನಮ್ಮದು ಎರಡು ಕೋಣೆಯ ಮನೆ. ಅಡುಗೆಮನೆಗೆ ಹೋಗುವ ದಾರಿಯಲ್ಲಿ ನಿಂತು ಗಿರಗಿರ ಸುತ್ತುವುದು ಆಗುವ ಮಾತಲ್ಲ. ಮೌಸ್‌ಗೆ ಒಂದು ಗೇಣು ಜಾಗ ಇದ್ದರೆ ಸಾಕು.

ಶುರು ಮಾಡುವವರು ಕೆಲವು ವಿಷಯ ಮೊದಲೇ ಸರಿಮಾಡಿಕೊಳ್ಳಿ. ವಿಂಡೋಸ್‌ನ ಮೌಸ್ ಸೆಟ್ಟಿಂಗ್‌ನಲ್ಲಿ 'ಎನ್‌ಹ್ಯಾನ್ಸ್ ಪಾಯಿಂಟರ್ ಪ್ರಿಸಿಷನ್' ಎಂಬುದು ಇರುತ್ತದೆ, ಅದನ್ನು ತೆಗೆದುಬಿಡಿ. ಅದು ಇದ್ದರೆ ಕೈ ಜೋರಾಗಿ ಹೋದಾಗ ಬಾಣ ಇನ್ನಷ್ಟು ದೂರ ಹಾರುತ್ತದೆ. ಕೆಲವು ಆಟಗಳಲ್ಲಿ ತಿರುವೂ ಹಾಗೇ ಆಗುತ್ತದೆ. ನಮಗೆ ಬೇಕಾದದ್ದು ಇಷ್ಟು ಸರಿಸಿದರೆ ಯಾವಾಗಲೂ ಇಷ್ಟೇ ತಿರುಗುತ್ತದೆ ಅನ್ನುವ ಭರವಸೆ, ಕೈಗೆ ಅಭ್ಯಾಸವಾಗುವುದು ಅದರಿಂದಲೇ. ಎರಡು ಕಿವಿಗೂ ಒಂದೇ ಸದ್ದು ಕಳಿಸುವ ಮೋನೋ ಆಡಿಯೋ ಆನ್ ಆಗಿದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಎಡ ಬಲ ಅನ್ನುವುದೇ ಇರುವುದಿಲ್ಲ. ಹೆಡ್‌ಫೋನ್ ವೈರ್ ಇರುವುದೇ ಇರಲಿ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ, ನೀವು ತಿರುಗಿ ಮುಗಿದ ಮೇಲೆ ಜಾಂಬಿ ತಿರುಗುತ್ತದೆ. ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಬೇಡವೇ ಬೇಡ. ಅಂಚು ಕೈಗೆ ಸಿಗುವಂಥ ಮೌಸ್‌ಪ್ಯಾಡ್ ಇದ್ದರೆ ಕೈ ಎಲ್ಲಿದೆ ಅಂತ ತಿಳಿಯುತ್ತದೆ.

ಆಟಕ್ಕೂ ಮೊದಲು ಮೌಸ್ ಅಭ್ಯಾಸ ಮಾಡಬೇಕು ಅನ್ನುವವರಿಗೆ ಎನ್‌ವಿಡಿಎಯಲ್ಲೇ ಒಂದು ಸೌಲಭ್ಯ ಇದೆ. ಮೌಸ್ ಸೆಟ್ಟಿಂಗ್‌ಗೆ ಹೋಗಿ, ಮೌಸ್ ಚಲಿಸಿದಾಗ ಜಾಗವನ್ನು ಸದ್ದಿನಲ್ಲಿ ಕೇಳಿಸುವ ಆಯ್ಕೆಯನ್ನು ಗುರುತು ಮಾಡಿ. ಬಾಣ ಮೇಲೆ ಹೋದರೆ ಬೀಪ್ ತೆಳುವಾಗುತ್ತದೆ, ಕೆಳಗೆ ಬಂದರೆ ದಪ್ಪ. ಎಡಕ್ಕೆ ಹೋದರೆ ಎಡಗಿವಿ, ಬಲಕ್ಕೆ ಹೋದರೆ ಬಲಗಿವಿ. ಇಷ್ಟು ಒಳ್ಳೆಯದನ್ನು ಯಾವ ತರಬೇತಿಯಲ್ಲೂ ನನಗೆ ಹೇಳಿರಲಿಲ್ಲ ಅನ್ನುವ ಬೇಜಾರು ನನಗಿದೆ.

ನನ್ನ ಹಾಸ್ಟೆಲ್ ಕಾಲದ ಗೆಳೆಯನೊಬ್ಬ ಅಂಧರ ಕ್ರಿಕೆಟ್ ಆಡುತ್ತಾನೆ, ಅವನಿಗೆ ಬೆಳಕೂ ತಿಳಿಯುವುದಿಲ್ಲ. ಅವನು ಮೌಸ್ ಹಿಡಿದ ಮೊದಲ ಸಂಜೆಯೇ ನನಗಿಂತ ಚೆನ್ನಾಗಿ ಗುರಿ ಹಿಡಿದ. ಕಾರಣ ಯೋಚಿಸಿದರೆ ಸುಲಭ. ಆ ಕ್ರಿಕೆಟ್‌ನಲ್ಲಿ ಚೆಂಡಿನೊಳಗೆ ಸದ್ದು ಮಾಡುವ ಸಣ್ಣ ಗುಂಡುಗಳಿರುತ್ತವೆ. ಬೌಲರ್ 'ಪ್ಲೇ' ಅಂತ ಕೂಗಿ ಕೈ ಕೆಳಗಿಂದ ಉರುಳಿಸುತ್ತಾನೆ, ಬ್ಯಾಟ್ ಹಿಡಿದವನು ಗಲಗಲ ಸದ್ದಿನ ದಾರಿಯಲ್ಲಿ ಬ್ಯಾಟ್ ಇಡಬೇಕು. ಕೇಳಿದ್ದಕ್ಕೆ ಕೈ ತಕ್ಷಣ ಹೋಗುವುದು ಅವನಿಗೆ ಮೈದಾನದಲ್ಲೇ ಬಂದಿತ್ತು. ನನ್ನ ತಮ್ಮನ ಕತೆ ಬೇರೆ. ಅವನಿಗೆ ಸ್ವಲ್ಪ ಕಾಣುತ್ತದೆ. ಬೇರೆ ಆಟಗಳಲ್ಲಿ ಪರದೆಗೆ ಮೂಗು ತಾಗಿಸಿ ಕೂರುತ್ತಿದ್ದ, ಅರ್ಧ ಗಂಟೆಗೆ ತಲೆನೋವು ಬರುತ್ತಿತ್ತು. ಈಗ ಕುರ್ಚಿಗೆ ಒರಗಿ, ಕಣ್ಣು ಮುಚ್ಚಿ ಆಡುತ್ತಾನೆ. "ಅಕ್ಕಾ, ಇಲ್ಲಿ ನೋಡೋಕೆ ಏನೂ ಇಲ್ಲ ಅನ್ನೋದೇ ಆರಾಮ" ಅಂತಾನೆ.

ಎಲ್ಲರಿಗೂ ಇದು ಒಗ್ಗುವುದಿಲ್ಲ, ಅದೂ ನಿಜ. ಒಂದು ಕಿವಿ ಮಂದ ಇರುವವರಿಗೆ ನಡು ಅನ್ನುವುದೇ ಸಿಗುವುದಿಲ್ಲ. ಕೈ ನಡುಗುವವರೂ ಇದ್ದಾರೆ. ಅಂಥವರಿಗಾಗಿ ಕೀಬೋರ್ಡಿನ ದಾರಿ ಯಾವ ಆಟದಲ್ಲೂ ಇರಲೇಬೇಕು. ನಾನು ಕೇಳುತ್ತಿರುವುದು ಮೌಸ್ ಕೂಡ ಇರಲಿ ಅಂತ. "ಅಂಧರಿಗೆ ಮೌಸ್ ಯಾಕೆ" ಅಂತ ಆಟ ಮಾಡುವವರೇ ಮೊದಲೇ ತೀರ್ಮಾನ ಮಾಡಿಬಿಟ್ಟರೆ ಏನು ಮಾಡುವುದು, ಅಲ್ವಾ?

ಇನ್ನೊಂದು ಕೊರತೆ ಮನಸ್ಸಿಗೆ ತುಂಬಾ ಹತ್ತುತ್ತದೆ. ನಾನು ಆಡಿದ ಈ ಆಟಗಳೆಲ್ಲ ಇಂಗ್ಲಿಷ್‌ನಲ್ಲಿ ಮಾತಾಡುತ್ತವೆ. ಎನ್‌ವಿಡಿಎ ಜೊತೆ ಬರುವ ಇಸ್ಪೀಕ್ ಎಂಬ ದನಿ ಕನ್ನಡ ಓದುತ್ತದೆ, ಹಾಗಾಗಿ ಮೆನುಗಳು ಕನ್ನಡದಲ್ಲಿರಲು ಅಡ್ಡಿಯೇನೂ ಇಲ್ಲ. ಹಳ್ಳಿಯಿಂದ ಬಂದ ಹತ್ತು ವರ್ಷದ ಮಗುವಿಗೆ ಜಾಂಬಿ ಯಾಕೆ ಬೇಕು? ನಮ್ಮಲ್ಲೇ ಕಿವಿಯಿಂದ ಆಡಬಹುದಾದ ಆಟ ಒಂದಿದೆ, ಕಬಡ್ಡಿ. ರೈಡರ್ ಉಸಿರು ಬಿಡದೆ "ಕಬಡ್ಡಿ ಕಬಡ್ಡಿ" ಅನ್ನುತ್ತಲೇ ಇರಬೇಕು. ಅಂದರೆ ಎದುರಾಳಿ ತಾನೆಲ್ಲಿದ್ದೇನೆ ಅಂತ ತಾನೇ ಕೂಗಿ ಹೇಳುತ್ತಿರುತ್ತಾನೆ! ಆ ದನಿ ನಿಮ್ಮ ಸುತ್ತ ಸರಿದಾಡುತ್ತದೆ, ಮೌಸ್‌ನಿಂದ ನೀವು ಅದರ ಕಡೆ ತಿರುಗುತ್ತಲೇ ಇರುತ್ತೀರಿ. ಉಸಿರು ಸಣ್ಣದಾಗುವುದು ಕೇಳಿಸುತ್ತದೆ, ಕಾಲಸದ್ದು ಹತ್ತಿರ ಬರುತ್ತದೆ, ದನಿ ನಡುವಿಗೆ ಬಂದಾಗ ಕ್ಲಿಕ್ ಮಾಡಿ ಹಿಡಿಯಬೇಕು. ಬೇಗ ಕ್ಲಿಕ್ ಮಾಡಿದರೆ ಅವನು ಮುಟ್ಟಿ ಓಡುತ್ತಾನೆ.

ಪ್ರೋಗ್ರಾಮ್ ಬರೆಯುವ ಒಬ್ಬ ಸೋದರಸಂಬಂಧಿಯ ಜೊತೆ ಸೇರಿ ಇದನ್ನು ಮಾಡಲು ಶುರು ಮಾಡಿದ್ದೇನೆ. ಕೋಡ್ ಅವನದು, ಸದ್ದು ನನ್ನದು. ಸದ್ಯಕ್ಕೆ ಒಬ್ಬನೇ ರೈಡರ್, ಅದು ನನ್ನ ತಮ್ಮನ ದನಿ. ಮೌಸ್‌ಗೆ ಅವನು ಚೆನ್ನಾಗಿ ಸಿಗುತ್ತಿದ್ದಾನೆ. ನಿಜವಾದ ಆಟಗಾರರ ದನಿ ಬೇಕಾಗಿದೆ, ಹುಡುಗಿಯರದ್ದೂ ಬೇಕು. ನಿಮ್ಮೂರಲ್ಲಿ ಕಬಡ್ಡಿ ಆಡುವವರಿದ್ದರೆ ಮೊಬೈಲ್ ಬಾಯಿಗೆ ಒಂದು ಮೊಳ ದೂರದಲ್ಲಿಟ್ಟು, ಒಂದೇ ಉಸಿರಿನಲ್ಲಿ ಆಗುವಷ್ಟು ಹೇಳಿಸಿ ರೆಕಾರ್ಡ್ ಮಾಡಿ. ಖಾಲಿ ಕೋಣೆ ಬೇಡ, ಮಾತು ಮಾರ್ದನಿಸುತ್ತದೆ. ಬಟ್ಟೆ, ಹಾಸಿಗೆ ತುಂಬಿದ ಕೋಣೆ ಒಳ್ಳೆಯದು. ಎಡ ಬಲ ದೂರ ಹತ್ತಿರ ಎಲ್ಲವನ್ನೂ ಆಟವೇ ಹಚ್ಚಿಕೊಳ್ಳುತ್ತದೆ. ಕೊನೆಯಲ್ಲಿ ಉಸಿರು ಮುಗಿದು ದನಿ ಒಡೆಯುತ್ತದಲ್ಲ, ಆ ಭಾಗವನ್ನು ಮಾತ್ರ ದಯವಿಟ್ಟು ಕತ್ತರಿಸಬೇಡಿ. ಹಿಡಿಯುವವರಿಗೆ ಸುಳಿವು ಸಿಗುವುದು ಅಲ್ಲೇ.