ಅಜ್ಜಿ - 10

ಮಗಳು ಮೊದಲು ನೋಡಿದ್ದು ಅಜ್ಜಿಯ ಕಾಲನ್ನು.

ನಮ್ಮವ್ವ ಧಾರವಾಡದಿಂದ ರಾತ್ರಿ ಬಸ್ಸಿಗೆ ಬಂದಿದ್ದಳು. ಪುಣೆಯ ಸ್ವಾರಗೇಟಿನಲ್ಲಿ ಅವಳನ್ನು ಇಳಿಸಿಕೊಂಡು, ಮೆಟ್ರೋದಲ್ಲಿ ಪಿಂಪ್ರಿಗೆ ಬಂದು, ಅಲ್ಲಿಂದ ರಿಕ್ಷಾ ಮಾಡಿ ಚಿಂಚವಡದ ಮನೆ ಮುಟ್ಟುವಷ್ಟರಲ್ಲಿ ಎಂಟು ಗಂಟೆ. ಸ್ವಾರಗೇಟ್ ಮೆಟ್ರೋ ಸ್ಟೇಷನ್ ನೆಲದ ಕೆಳಗಿದೆ. ಅವ್ವ ಎಸ್ಕಲೇಟರಿಗೆ ಕಾಲಿಡಲು ಸುತಾರಾಂ ಒಪ್ಪಲಿಲ್ಲ. ಒಂದು ಚೀಲದಲ್ಲಿ ಕಡಕ್ ರೊಟ್ಟಿ, ಇನ್ನೊಂದರಲ್ಲಿ ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ. ಅವನ್ನು ಹೊತ್ತುಕೊಂಡು ನಾನು ಲಿಫ್ಟ್ ಹುಡುಕಿದೆ.

ಬಾಗಿಲು ತೆಗೆದಾಗ ಮಗಳು ಅಮ್ಮನ ಹಿಂದೆ ಅವಿತಳು. ಅವ್ವ ಕೈ ಚಾಚಿದಳು. ಇವಳು ಬರಲಿಲ್ಲ. ನನ್ನ ಅಂಗಿಯ ಜೇಬಿಗೆ ಕೈ ಹಾಕಿ ಫೋನು ಎಳೆದು, ಅದರ ಕಪ್ಪು ಪರದೆ ಅಜ್ಜಿಗೆ ತೋರಿಸಿದಳು. "ಅಜ್ಜಿ ಇದರಾಗ!" ಅಂದಳು. ನಾವು ನಕ್ಕೆವು. ಆಮೇಲೆ ಅವಳ ಕಣ್ಣು ಕೆಳಗೆ ಹೋಯಿತು. ಅವ್ವ ಚಪ್ಪಲಿ ಬಿಟ್ಟು ನಿಂತಿದ್ದಳು. ಬೆಳ್ಳಿ ಕಾಲುಂಗುರ, ಒಡೆದ ಹಿಮ್ಮಡಿ. ಮಗಳು ಅಲ್ಲೇ ಕುಕ್ಕರಗಾಲಲ್ಲಿ ಕೂತು ಒಂದು ಬೆರಳನ್ನು ಮುಟ್ಟಿ ನೋಡಿದಳು.

"ಅಜ್ಜಿಗ ಪಾಯ ಅದಾವ!"

ಪಾಯ ಅಂದರೆ ಮರಾಠಿಯಲ್ಲಿ ಕಾಲು. ಹಗಲೆಲ್ಲ ಪಾಳಣಾಘರದಲ್ಲಿ, ಅಂದರೆ ಕೂಸುಗಳನ್ನು ನೋಡಿಕೊಳ್ಳುವ ಮನೆಯಲ್ಲಿ ಇರುತ್ತಾಳಲ್ಲ, ಅರ್ಧ ಮಾತು ಅಲ್ಲಿಯದೇ. ಒಂದೂವರೆ ವರ್ಷದಿಂದ ಅವಳು ಅಜ್ಜಿಯನ್ನು ಕಂಡಿದ್ದು ವಿಡಿಯೋ ಕಾಲಿನಲ್ಲಿ ಮಾತ್ರ. ನಮ್ಮವ್ವ ಫೋನು ಹಿಡಿಯುವ ರೀತಿಯಲ್ಲಿ ಕಾಣುವುದು ಹಣೆಯ ಕುಂಕುಮ, ಒಂದು ಕಣ್ಣು, ಮೇಲೆ ತಿರುಗುವ ಫ್ಯಾನು. ಕಾಲು ಎಲ್ಲಿಂದ ಕಾಣಬೇಕು!

ಈಗ ನಮ್ಮ ಮನೆಯ ಲೆಕ್ಕದ ಹಾಳೆ ಬಗ್ಗೆ ಹೇಳಬೇಕು. ಮಗಳಿಗೆ ಮೂರು ವರ್ಷ. ಎರಡು ತಿಂಗಳ ಹಿಂದೆ ಕೆಮ್ಮಿಗೆ ಅಂತ ಡಾಕ್ಟರ ಹತ್ತಿರ ಹೋಗಿದ್ದೆವು. ಅವರು ಎದೆ ನೋಡಿದರು, ಕಿವಿ ನೋಡಿದರು. ಔಷಧಿ ಬರೆಯುತ್ತಾ, ಮೊಬೈಲ್ ಎಷ್ಟು ಹೊತ್ತು ನೋಡುತ್ತಾಳೆ ಅಂತ ಕೇಳಿದರು. ನಾನು "ಅರ್ಧ ಗಂಟೆ" ಅಂದೆ. ಹೆಂಡತಿ ಅಲ್ಲಿ ಸುಮ್ಮನಿದ್ದಳು. ಮನೆಗೆ ಬಂದವಳೇ ನನ್ನ ಫೋನು ಇಸಕೊಂಡಳು. ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಒಂದು ಇರುತ್ತದೆ. ಯಾವ ಆಪ್ ಎಷ್ಟು ಹೊತ್ತು ತೆರೆದಿತ್ತು ಅಂತ ಚಾಡಿ ಹೇಳುವುದೇ ಅದರ ಕೆಲಸ. ಯೂಟ್ಯೂಬ್ 3 ಗಂಟೆ 10 ನಿಮಿಷ.

ನಾನು ಚಾಕಣದ ಒಂದು ಕಾರ್ಖಾನೆಯಲ್ಲಿದ್ದೇನೆ. ಸೆಕೆಂಡ್ ಶಿಫ್ಟ್ ಇದ್ದ ವಾರ ಬೆಳಗಿನ ಹೊತ್ತು ಮಗಳು ನನ್ನ ಪಾಲು. ಅಡುಗೆ, ಸ್ನಾನ, ಬಟ್ಟೆ, ಆಮೇಲೆ ಅವಳನ್ನು ಬಿಟ್ಟು ಬಸ್ಸು ಹಿಡಿಯಬೇಕು. ಆ ಮೂರು ಗಂಟೆಗೆ ನನ್ನ ಹತ್ತಿರ ವಿವರಣೆ ಇತ್ತು. ಹೆಂಡತಿ ಕೇಳಲಿಲ್ಲ. ಅವಳು ಬ್ಯಾಂಕಿನವಳು. ಎಂಟ್ರಿ ತಾಳೆಯಾಗದಿದ್ದರೆ ಅವಳಿಗೆ ನಿದ್ದೆ ಬರುವುದಿಲ್ಲ.

ಡಾಕ್ಟರು ಕೊಟ್ಟ ಕಾಗದದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಇತ್ತು. ಒಂದು ವರ್ಷದೊಳಗಿನ ಕೂಸಿಗೆ ಪರದೆಯೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ಡಾಕ್ಟರುಗಳ ಸಂಘ, ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಹೇಳುವುದೂ ಹೆಚ್ಚುಕಡಿಮೆ ಇದೇ. ಊಟದ ಹೊತ್ತಿಗೆ ಬೇಡ, ಮಲಗುವ ಒಂದು ಗಂಟೆ ಮೊದಲು ಬೇಡ ಅಂತ ಡಾಕ್ಟರು ಬಾಯಲ್ಲೂ ಹೇಳಿದ್ದರು. ಅಂದೇ ರಾತ್ರಿ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಬಂತು. ಕನ್ನಡದಲ್ಲಿ. ದಿನವೆಲ್ಲ ಮರಾಠಿ, ಇಂಗ್ಲಿಷ್ ಬರೆದು ಸಾಕಾಗಿದೆ, ಮನೆ ಲೆಕ್ಕವಾದರೂ ಕನ್ನಡದಲ್ಲಿರಲಿ ಅಂತ ಅವಳ ಹಟ.

ನಾಷ್ಟಾ - 20. ಕಾರ್ಟೂನ್ - 30. ಅಜ್ಜಿ - 10. ಒಟ್ಟು 60.

ಊಟದ ಹೊತ್ತಿಗೆ ಬೇಡ ಅಂದಿದ್ದರೂ ಆ 20 ಉಳಿಯಿತು. ಅದಿಲ್ಲದೆ ಆಗುವುದಿಲ್ಲ ಅಂತ ನಾನೇ ಜಗಳ ಮಾಡಿ ಉಳಿಸಿಕೊಂಡಿದ್ದೆ.

ಅವ್ವ ಬಂದಿದ್ದು ತಿಂಗಳ ಮೊದಲ ಶನಿವಾರ. ಬ್ಯಾಂಕಿಗೆ ರಜೆ ಇರುವುದು ಎರಡನೆಯದು, ನಾಲ್ಕನೆಯದು. ಹೆಂಡತಿ ಹೋದಳು. ಪಾಳಣಾಘರಕ್ಕೆ ರಜೆ, ನನಗೂ ರಜೆ. ಮಗಳು ನಾಷ್ಟಾಕ್ಕೆ ಕೂತು, ಎಂದಿನಂತೆ ಫೋನು ಬರಲಿ ಅಂತ ಬಾಯಿ ಬಿಗಿಹಿಡಿದಳು. ಅವ್ವ ಇದನ್ನು ಎರಡು ನಿಮಿಷ ನೋಡಿದಳು. ತಾಟು ತೆಗೆದುಕೊಂಡು, ಕೂಸನ್ನು ಎತ್ತಿಕೊಂಡು ಗ್ಯಾಲರಿಗೆ ನಡೆದಳು.

ಅಲ್ಲಿ ಕಾಗಕ್ಕ ಗುಬ್ಬಕ್ಕನ ಕತೆ ಶುರುವಾಯಿತು. ಜೋರು ಮಳೆ ಬಂತು, ಕಾಗಕ್ಕನ ಸಗಣಿ ಮನೆ ಕೊಚ್ಚಿಕೊಂಡು ಹೋಯಿತು. ಗುಬ್ಬಕ್ಕ, ಗುಬ್ಬಕ್ಕ, ಬಾಗಲಾ ತೆಗಿ. ತಡಿ, ಕೂಸಿಗೆ ಎಣ್ಣಿ ಹಚ್ಚಾಕತ್ತೀನಿ. ಗುಬ್ಬಕ್ಕ, ಗುಬ್ಬಕ್ಕ, ಬಾಗಲಾ ತೆಗಿ. ತಡಿ, ಕೂಸಿಗೆ ನೀರು ಹಾಕಾಕತ್ತೀನಿ. ಒಂದೊಂದು ತಡಿಗೆ ಒಂದೊಂದು ತುತ್ತು. ಮೂರನೇ ತುತ್ತಿಗೆ ಮಗಳು ಕಣ್ಣರಳಿಸಿ, "ಚಿವೂ ಕಾವೂ!" ಅಂದಳು. ಪಾಳಣಾಘರದ ಕಾಕು, ಅಂದರೆ ಅಲ್ಲಿಯ ಚಿಕ್ಕಮ್ಮ, ಇದೇ ಕತೆಯನ್ನು ಮರಾಠಿಯಲ್ಲಿ ಹೇಳಿರಬೇಕು. ಆ ಕಾಕು ಇವಳನ್ನು ಮುದ್ದಿಗೆ ಕರೆಯುವುದೂ ಚಿಮಣಿ ಅಂತಲೇ. ಮರಾಠಿಯಲ್ಲಿ ಚಿಮಣಿ ಅಂದರೆ ಗುಬ್ಬಿ. ಅವ್ವನಿಗೆ ಅದು ಗೊತ್ತಾಗಿದ್ದು ಆಗಲೇ. "ಇಷ್ಟ ದಿನಾ ಫೋನಿನಾಗ ಚಿಮಣಿ ಚಿಮಣಿ ಅಂತಿದ್ಲು. ನಾ ಏನೋ, ಪುಣೆದಾಗ ಕರೆಂಟ್ ಹೋಗಿ ಬುಡ್ಡಿ ಹಚ್ಚಾಕತ್ತಾರ ಅಂತ ತಿಳಕೊಂಡಿದ್ನಿ!"

ಕೇಳುವುದಕ್ಕೆ ಚೆಂದ, ಅಲ್ವಾ? ಆದರೆ ಗಡಿಯಾರವನ್ನೂ ನೋಡಿದ್ದೆ. ಅರ್ಧ ರೊಟ್ಟಿಗೆ ಐವತ್ತು ನಿಮಿಷ. ಫೋನಿದ್ದರೆ ಹನ್ನೆರಡು. ಅವ್ವ ಬೆವರಿದ್ದಳು, ಗ್ಯಾಲರಿ ತುಂಬ ರೊಟ್ಟಿ ಚೂರು. "ಇಷ್ಟು ಹೊತ್ತಾದ್ರ ನಾ ಡ್ಯೂಟಿಗೆ ಹೋದಂಗ ಅವ್ವಾ" ಅಂದೆ. "ನಿನಗೂ ಇಷ್ಟ ಹೊತ್ತು ಹಿಡೀತಿತ್ತು. ಆಗ ನಿಮ್ಮ ಅಜ್ಜಿ ಇದ್ಲು" ಅಂದಳು. ಹೌದು, ಆಗ ಅಜ್ಜಿ ಇದ್ದಳು, ಇಬ್ಬರು ಅತ್ತೆಯರಿದ್ದರು, ಓಣಿ ಇತ್ತು. ಡಾಕ್ಟರ ಕಾಗದದಲ್ಲೇ ಇನ್ನೊಂದು ಮಾತಿದೆ. ಕೂಸು ಕೂತಿರುವ ಹೊತ್ತಿನಲ್ಲಿ ದೊಡ್ಡವರು ಜೊತೆ ಕೂತು ಓದಿ ಹೇಳಬೇಕು, ಕತೆ ಹೇಳಬೇಕು ಅಂತ. ಅದನ್ನು ಅವ್ವನಿಗೆ ಓದಿ ಹೇಳಿದೆ. "ಇದನ್ನ ಹೇಳಾಕ ಅವರಿಗೆ ಪಗಾರ ಕೊಡ್ತಾರೇನು?" ಅಂತ ಕೇಳಿದಳು.

ಮಧ್ಯಾಹ್ನ ಅವ್ವ ಬಸ್ಸಿನ ದಣಿವಿಗೆ ಮಲಗಿಬಿಟ್ಟಳು. ಮಗಳು ಮಲಗಲಿಲ್ಲ. ಅಜ್ಜಿಯನ್ನು ಎಬ್ಬಿಸಲು ನಾಲ್ಕು ಸಲ ಹೋದಳು. ಐದನೇ ಸಲಕ್ಕೆ ಫೋನು ಕೊಟ್ಟೆ. ಇಪ್ಪತ್ತು ನಿಮಿಷ ಅಂತ ಕೊಟ್ಟಿದ್ದು. ಒಂದು ವಿಡಿಯೋ ಮುಗಿದರೆ ಇನ್ನೊಂದು ತಾನಾಗಿಯೇ ಶುರುವಾಗುತ್ತದಲ್ಲ, ನಾನೂ ಸೋಫಾದ ಮೇಲೆ ಜೊಂಪು ಹತ್ತಿದ್ದೆ. ಎದ್ದಾಗ ಐವತ್ತೈದು ನಿಮಿಷವಾಗಿತ್ತು. ಹಾಳೆಯಲ್ಲಿ 20 ಅಂತ ಬರೆದೆ.

ಸಂಜೆ ಏಳಕ್ಕೆ ಅವ್ವನ ಧಾರಾವಾಹಿ. ಹೆಂಡತಿ ಬಂದಾಗ ಟಿವಿಯಲ್ಲಿ ಅತ್ತೆ ಸೊಸೆಯ ಕೆನ್ನೆಗೆ ಬಾರಿಸುತ್ತಿದ್ದಳು. ಮಗಳು ಅಜ್ಜಿಯ ತೊಡೆ ಮೇಲೆ ಕೂತು ಬಾಯಿ ತೆರೆದು ನೋಡುತ್ತಿದ್ದಳು. ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದಳು. "ರೀ, ನಿಮ್ಮವ್ವಗ ನೀವ ಹೇಳ್ರಿ" ಅಂತ ಪಿಸುಗುಟ್ಟಿದಳು. "ನೀನ ಹೇಳು" ಅಂದೆ. "ನಾ ಹ್ಯಾಂಗ ಹೇಳ್ಲಿ? ಸೊಸಿ ಬಂದ ಕೂಡ್ಲೇ ಟಿವಿ ಬಂದ್ ಮಾಡಿದ್ಲು ಅಂತಾರ." ನಾನು ಹೋಗಿ ವಾಲ್ಯೂಮ್ ಕಡಿಮೆ ಮಾಡಿ ಬಂದೆ. ಗಂಡಸ್ತನ ಅಷ್ಟೇ. ಈ ಧಾರಾವಾಹಿ ವಿಷಯ ಇವತ್ತಿಗೂ ತೀರ್ಮಾನವಾಗಿಲ್ಲ.

ಊಟವಾದ ಮೇಲೆ ಅವ್ವ ಮಜ್ಜಿಗೆ ತೆಗೆಯಲು ಫ್ರಿಜ್ ಹತ್ತಿರ ಹೋದಳು. ಬಾಗಿಲು ತೆಗೆಯುವ ಸದ್ದು ಬರಲಿಲ್ಲ. ನೋಡಿದರೆ ಕನ್ನಡಕ ಏರಿಸಿಕೊಂಡು ಓದುತ್ತಿದ್ದಾಳೆ.

"ಇದೇನಪಾ ತಮ್ಮಾ, ಅಜ್ಜಿ ಹತ್ತು?"

"ಅದು, ಕೂಸು ದಿನಕ್ಕ ಒಂದ ತಾಸು ಅಷ್ಟ ಮೊಬೈಲ್ ನೋಡಬೇಕಂತ ಅವ್ವಾ. ಡಾಕ್ಟರ್ ಹೇಳ್ಯಾರ. ಅದಕ್ಕ ಲೆಕ್ಕಾ..."

"ಆ ತಾಸಿನ್ಯಾಗ ನಾನೂ ಅದೀನಿ?"

ನಾನು ಏನೂ ಹೇಳಲಿಲ್ಲ. ಅವ್ವ ಬೆರಳಿಟ್ಟು ಕೆಳಗಿನವರೆಗೂ ಓದಿದಳು. ಎರಡು ತಿಂಗಳ ಲೆಕ್ಕ. ಕಾರ್ಟೂನ್ 30, ಕಾರ್ಟೂನ್ 40, ಕಾರ್ಟೂನ್ 35. ಅದರ ಪಕ್ಕ ಅಜ್ಜಿ 10, ಅಜ್ಜಿ 8, ಅಜ್ಜಿ 10.

"ನಾ ತಿಳಕೊಂಡಿದ್ನಿ, ನಿಮಗ ಕೆಲಸ ಭಾಳ, ಅದಕ್ಕ ಲಗೂನ ಫೋನ್ ಇಡ್ತೀರಿ ಅಂತ." ಅಷ್ಟೇ ಅಂದು ಮಜ್ಜಿಗೆ ತೆಗೆದುಕೊಂಡಳು.

ಹಾಳೆಯ ಮುಂದೆ ನಾನೂ ಹೆಂಡತಿಯೂ ನಿಂತೆವು. ಕಾರ್ಟೂನು ಹತ್ತು ನಿಮಿಷ ಜಾಸ್ತಿಯಾದ ದಿನ ಅಜ್ಜಿಯಿಂದ ಎರಡು ನಿಮಿಷ ಕಳೆದಿದ್ದೆವು. ಕಾರ್ಟೂನ್ ನಿಲ್ಲಿಸಿದರೆ ಮಗಳು ನೆಲಕ್ಕೆ ಬಿದ್ದು ಹೊರಳಾಡುತ್ತಾಳೆ. ಅಜ್ಜಿಯ ವಿಡಿಯೋ ಕಾಲ್ ಕಟ್ ಮಾಡಿದರೆ ಟಾಟಾ ಮಾಡಿ ಓಡುತ್ತಾಳೆ. ಅಳದೆ ಹೋಗುವ ಹತ್ತು ನಿಮಿಷ ಅದೊಂದೇ. ಹಾಗಾಗಿ ಕತ್ತರಿ ಅಲ್ಲಿಗೇ ಬೀಳುತ್ತಿತ್ತು. ಮನೆಯಲ್ಲಿ ಅವಳಿಗೆ ನಮ್ಮಿಬ್ಬರನ್ನು ಬಿಟ್ಟರೆ ಕನ್ನಡ ಸಿಗುವುದೂ ಅಲ್ಲೇ. ಹೆಂಡತಿ ಡಾಕ್ಟರ ಕಾಗದವನ್ನು ಮತ್ತೆ ತೆಗೆದಳು. ಇಂಡಿಯನ್ ಅಕಾಡೆಮಿಯವರು ಎರಡು ವರ್ಷದೊಳಗಿನ ಕೂಸಿಗೆ ಪರದೆ ಬೇಡವೇ ಬೇಡ ಅನ್ನುವ ಕಡೆಯೂ, ಆಗೀಗ ಸಂಬಂಧಿಕರ ವಿಡಿಯೋ ಕಾಲಿಗೆ ಮಾಫಿ ಇತ್ತು. ಕಾರ್ಟೂನು ಇವಳ ಮಾತು ಕೇಳಿಸಿಕೊಳ್ಳುವುದಿಲ್ಲ, ಅಜ್ಜಿ ಕೇಳಿಸಿಕೊಂಡು ತಿರುಗಿ ಉತ್ತರ ಕೊಡುತ್ತಾಳೆ. ಆ ಮಾಫಿಯ ಸಾಲು ಅಲ್ಲೇ ಇತ್ತು. ನಾವಿಬ್ಬರೂ ಅಂಕಿ ಇದ್ದ ಸಾಲುಗಳನ್ನು ಮಾತ್ರ ಓದಿದ್ದೆವು. "ಕಾಲಂ ತಪ್ಪಿ ಹಾಕೇನಿ" ಅಂದಳು ಹೆಂಡತಿ. ಬ್ಯಾಂಕಿನವಳ ಬಾಯಲ್ಲಿ ಅದು ದೊಡ್ಡ ಮಾತು.

ನನ್ನ 20ರ ಪಕ್ಕ 55 ಅಂತ ತಿದ್ದಿದೆ. ಅವಳು ನೋಡಿದಳು, ಬೈಯಲಿಲ್ಲ.

ಅಷ್ಟರಲ್ಲಿ ಹೊರಗೆ ಫೋನು ರಿಂಗಾಯಿತು. ಧಾರವಾಡದಿಂದ ಅಪ್ಪ. ಅವ್ವ ಉಂಡಳೋ ಇಲ್ಲವೋ ಕೇಳುವುದಕ್ಕೆ. ಗಂಟೆ ಒಂಬತ್ತೂವರೆ, ಮಗಳು ಮಲಗುವ ಹೊತ್ತು. ಹೆಂಡತಿ ಗಡಿಯಾರ ನೋಡಲಿಲ್ಲ. ಮಗಳೇ ಓಡಿಹೋಗಿ ಎತ್ತಿದಳು. ಪರದೆಯಲ್ಲಿ ಅಪ್ಪನ ಅರ್ಧ ಮೀಸೆ, ಗೋಡೆಯ ಕ್ಯಾಲೆಂಡರು. ಮಗಳು ಫೋನನ್ನು ಮೂಗಿನ ಹತ್ತಿರ ಹಿಡಿದು, ಅಜ್ಜಿಯ ಕಾಲನ್ನೊಮ್ಮೆ ನೋಡಿ, ಕೂಗಿದಳು.

"ಅಜ್ಜಾ, ಕಾಲ ತೋರ್ಸು!"

"ಏನಂತ?"

"ಕಾಲ! ನಿನ್ನ ಕಾಲ!"

ಆ ಕಡೆ ಏನೋ ಸದ್ದಾಯಿತು. ಕ್ಯಾಲೆಂಡರು ಹೋಯಿತು, ಮಂಚದ ಅಂಚು ಬಂತು, ಪಂಚೆ ಬಂತು. ಅಪ್ಪ ಬಗ್ಗಿ ಏದುಸಿರು ಬಿಡುತ್ತಾ, "ಕಾಣ್ತಾವೇನವಾ?" ಅಂತ ಕೇಳುತ್ತಿದ್ದ. ಕತ್ತಲಲ್ಲಿ ಎರಡು ಪಾದಗಳು ಅಲುಗಾಡಿದವು.