ಬೇಕಲದಿಂದ ಕಾಣದ ಬೆಟ್ಟಸಾಲು

ಕಾಸರಗೋಡಿನಿಂದ ಬಸ್ಸು ಹಿಡಿದು, ತಂಗಿಯ ಮಗಳೊಂದಿಗೆ ಬೇಕಲ ಕೋಟೆಯನ್ನು ತಲಪುವಾಗ ಮಧ್ಯಾಹ್ನ ಇಳಿದಿತ್ತು. ಬುರುಜಿನ ಮುರಕಲ್ಲಿನ ತೂತುಗಳಲ್ಲಿ ಕಳೆದ ಮಳೆಗಾಲದ ಪಾಚಿ ಕಪ್ಪಗೆ ಒಣಗಿತ್ತು. ಕೈಯಾಡಿಸಿದರೆ ಕೆಂಪು ಹುಡಿ ಬೆರಳಿಗೆ ಅಂಟುತ್ತಿತ್ತು. "ಮಾವ, ಈ ಕಡಲು ಎಲ್ಲಿ ಮುಗಿಯುತ್ತದೆ?" ಎಂದು ಅವಳು ಕೇಳಿದಳು. ಅದು ಬೆಳೆಯುವ ಜಾಗವನ್ನೇ ಮೊದಲು ಹೇಳಬೇಕೆಂದು ನನಗನ್ನಿಸಿತು.

ಇಲ್ಲಿಂದ ನೈರುತ್ಯಕ್ಕೆ, ಲಕ್ಷದ್ವೀಪವನ್ನೂ ದಾಟಿ, ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ ಕಾರ್ಲ್ಸ್‌ಬರ್ಗ್ ಶ್ರೇಣಿ ಎಂಬ ಬೆಟ್ಟಸಾಲು ನೀರಿನಡಿಯಲ್ಲಿ ಹಬ್ಬಿದೆ. ಭಾರತ ಮತ್ತು ಸೊಮಾಲಿಯಾ ಭೂಫಲಕಗಳ, ಅಂದರೆ ನೆಲ-ಕಡಲುಗಳನ್ನು ಹೊತ್ತು ಮೆಲ್ಲನೆ ಸರಿಯುವ ದೊಡ್ಡ ಶಿಲಾಹಾಳೆಗಳ, ಗಡಿ ಅದು. ಗಡಿ ಎಂದರೂ ಅಲ್ಲಿ ನಡೆಯುವುದು ಡಿಕ್ಕಿಯಲ್ಲ, ಅಗಲಿಕೆ.

ಕೆಳಗಿನ ಮರಳಿನಲ್ಲಿ ತೆರೆ ಬಿಟ್ಟುಹೋದ ಸಣ್ಣ ಹೊಂಡವೊಂದಿತ್ತು. ಅಡಿಕೆ ಹಾಳೆಯ ಎರಡು ತುಂಡುಗಳನ್ನು ಅಂಚಿಗೆ ಅಂಚು ತಾಗಿಸಿ ತೇಲಿಬಿಟ್ಟು ಮೆಲ್ಲನೆ ಎಳೆದೆ; ನಡುವಿನ ಸಂದಿಯನ್ನು ನೀರು ತಾನಾಗಿ ತುಂಬಿತು. ಕಡಲ ತಳದಲ್ಲೂ ಹೀಗೆಯೇ ಫಲಕಗಳು ಸರಿದಂತೆ ತೊಗಟೆಯ ಅಡಿಯ ಬಿಸಿ ಶಿಲಾಪದರ, ಮ್ಯಾಂಟಲ್, ಮೇಲೇರುತ್ತದೆ. ಅದು ಕರಗುವುದು ಹೊಸದಾಗಿ ಕಾದುದರಿಂದಲ್ಲ, ಮೇಲೇರುವಾಗ ಒತ್ತಡ ಇಳಿಯುವುದರಿಂದ. ಇದು ನನಗೆ ಇಂದಿಗೂ ಬೆರಗಿನ ಸಂಗತಿ. ಕರಗಿದ ಶಿಲಾರಸ ಹೆಪ್ಪುಗಟ್ಟಿ, ಆರು-ಏಳು ಕಿಲೋಮೀಟರ್ ದಪ್ಪದ ಹೊಸ ತೊಗಟೆಯಾಗುತ್ತದೆ. ನೀರಿಗೆ ಉಕ್ಕಿದ ಲಾವಾ ತಲೆದಿಂಬುಗಳ ರಾಶಿಯಂತೆ ಗಟ್ಟಿಯಾಗುತ್ತದೆ. ಬಿಸಿಯಿರುವಷ್ಟು ಕಾಲ ಅದು ಎತ್ತರದಲ್ಲಿದ್ದು, ದೂರ ಸರಿಯುತ್ತ ತಣಿದು ತಗ್ಗುವುದರಿಂದಲೇ ನಡುವೆ ಏಣು, ಅಂದರೆ ಆ ಬೆಟ್ಟಸಾಲು, ಉಳಿಯುತ್ತದೆ.

ಈ ಬೆಳವಣಿಗೆಗೆ ಸಾಕ್ಷಿ ಸಿಕ್ಕಿದ್ದರಲ್ಲಿ ನಮ್ಮ ಈ ಕಡಲಿಗೂ ಪಾಲಿದೆ. ಲಾವಾ ಗಟ್ಟಿಯಾಗಿ ಆಗುವ ಕಪ್ಪು ಕಲ್ಲು, ಬಸಾಲ್ಟ್, ತಣಿಯುವಾಗ ಆ ಕಾಲದ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ, ಭೂಕಾಂತವೋ ಆಗಾಗ ತಲೆಕೆಳಗಾಗುತ್ತದೆ; ಹಾಗಾಗಿ ಒಂದೊಂದು ಕಾಲದ ಕಲ್ಲು ಬೇರೆ ಬೇರೆ ಕಾಂತದಿಕ್ಕಿನ ಪಟ್ಟೆಯಾಗುತ್ತದೆ. 1962ರಲ್ಲಿ ಓವೆನ್ ಎಂಬ ಬ್ರಿಟಿಷ್ ಹಡಗು ಕಾರ್ಲ್ಸ್‌ಬರ್ಗ್ ಶ್ರೇಣಿಯ ಮೇಲೆ ಮಾಡಿದ ಕಾಂತೀಯ ಅಳತೆಗಳನ್ನು ಆಧರಿಸಿ, ಕಡಲತಳ ಏಣಿನ ಎರಡೂ ಬದಿಗೆ ಪಟ್ಟೆಪಟ್ಟೆಯಾಗಿ ಹರಡುತ್ತಿದೆಯೆಂದು ಭೂವಿಜ್ಞಾನಿಗಳಾದ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ವಾದಿಸಿದರು.

ಅಲ್ಲಿ ಫಲಕಗಳು ವರ್ಷಕ್ಕೆ ಸುಮಾರು 2ರಿಂದ 3 ಸೆಂಟಿಮೀಟರ್ ಅಗಲುತ್ತವೆ. ಹದಿನೇಳನೆಯ ಶತಮಾನದಲ್ಲಿ ಈ ಕೋಟೆ ಕಟ್ಟಿಸಿದ ಕೆಳದಿಯ ಶಿವಪ್ಪ ನಾಯಕನ ಕಾಲದಿಂದ ಲೆಕ್ಕ ಹಾಕಿದರೆ ಒಂದು ಮನೆಯ ಅಂಗಳದಷ್ಟಾದೀತು. "ನಾನು ಹುಟ್ಟಿದ ಮೇಲೆ ಎಷ್ಟು?" ಎಂದಳು. ಅವಳಿಗೆ ಒಂಬತ್ತು ವರ್ಷ. ಹತ್ತಿರ ಹತ್ತಿರ ಒಂದು ಗೇಣು ಎಂದೆ. ಮರಳುವಾಗ ಕೋಟೆಯ ಬಾಗಿಲಲ್ಲಿ ನಿಂತು, ಅವಳು ಮುರಕಲ್ಲಿನ ಮೇಲೆ ಬೆರಳುಗಳನ್ನು ಪೂರ್ತಿ ಬಿಡಿಸಿಟ್ಟು, ತನ್ನ ಗೇಣು ಸಾಲದೆಂದು ನನ್ನ ಕೈಯನ್ನು ಎಳೆದು ಪಕ್ಕದಲ್ಲಿ ಇರಿಸಿಕೊಂಡಳು.